ನೀಲಗಂಗಮ್ಮನ ಹೂಂ

ದುರ್ಗಕ್ಕ ಕಂಪ್ಲಿಯ ರೈಸ್‌ಮಿಲ್ಲಿನ ಅಂಗಳಕ್ಕೆ ಬಂದಾಗ ನೀಲಗಂಗಮ್ಮ ಬೇಯಿಸಿ ಹರವಿದ ಭತ್ತದ ನಡುವೆ ನಿಂತು, ಒಂದು ಕಾಳನ್ನು ಹಲ್ಲಿನಲ್ಲಿಟ್ಟು ಕಡಿದು ನೋಡುತ್ತಿದ್ದಳು. ಗಂಡ ಶಿವನ ಪಾದ ಸೇರಿದ ಮೇಲೆ ಮಿಲ್ಲು ಅವಳ ಕೈಗೇ ಬಂದಿತ್ತು. ಭತ್ತ ಒಣಗಿತೋ ಇಲ್ಲವೋ ಎಂಬುದನ್ನು ಆಳುಗಳ ಮಾತಿಗೆ ಬಿಡದೆ ಹಲ್ಲಿಗೇ ಕೇಳುವ ರೂಢಿ ಅವಳದು.

ಬಂದವಳ ಸೆರಗು, ಕೂದಲು, ಕಣ್ಣಿನ ರೆಪ್ಪೆ ಎಲ್ಲವೂ ಕೆಂಪು. ಸಂಡೂರಿನ ಗುಡ್ಡದ ಕೆಳಗೆ ಅದಿರು ಒಡೆದು ಜರಡಿ ಹಿಡಿಯುವವರು ಎಲ್ಲಿಗೆ ಹೋದರೂ ತಮ್ಮ ಊರಿನ ಮಣ್ಣನ್ನು ಮೈಮೇಲೆ ಹೊತ್ತೇ ಹೋಗುತ್ತಿದ್ದ ಕಾಲ ಅದು. ಚೀನಾಕ್ಕೆ ಅದಿರು ಹೋಗುತ್ತದೆ ಎಂದು ಹಗಲು ಇರುಳು ಲಾರಿ ಓಡುತ್ತಿದ್ದವು. ರಸ್ತೆಬದಿಯ ಬೇವಿನ ಮರಗಳಿಗೂ ಹಸಿರು ಮರೆತುಹೋಗಿತ್ತು.

"ಬಾರವ್ವ ದುರ್ಗಕ್ಕ, ಕುಂದ್ರು. ನೀರು ತರಿಸ್ತೀನಿ."

"ನೀರು ಬ್ಯಾಡ ಅಮ್ಮಾರ. ಒಂದು ಮಾತು ಕೇಳಿ ಹೋಗಾಕ ಬಂದೀನಿ. ನಮ್ಮ ನೆರಳು ದವಾಖಾನಿ ಮುಚ್ಚಾಕ ನೀವು ಹೂಂ ಅಂದೀರಂತಲ್ಲ, ಖರೇನಾ?"

ನೀಲಗಂಗಮ್ಮನ ಬಾಯಲ್ಲಿದ್ದ ಕಾಳು ಅಲ್ಲೇ ಉಳಿಯಿತು. "ಯಾರಂದ್ರು?"

"ಅಧ್ಯಕ್ಷರೇ ಬಂದು ಹೇಳಿ ಹೋಗ್ಯಾರ. ಗಂಗೋತ್ರಿ ಸಿಸ್ಟರು ಯಾಕ್ರಿ ಮುಚ್ತೀರಿ ಅಂತ ಕೇಳಿದ್ದಕ್ಕ, 'ಕಮಿಟಿ ಹೆಂಗಸ್ರೇ ಹೂಂ ಅಂದಾರ, ನೀ ಯಾವಾಕಿ ಕೇಳಾಕಿ' ಅಂದ್ರಂತ. ಹೊಸಪ್ಯಾಟಿಗೆ ಒಯ್ತಾರಂತ ದವಾಖಾನೀನ. ಆ ಜಾಗದಾಗ ಲಾರಿ ತೂಗೋ ಕಾಟಾ ಬರ್ತೈತಂತ."

"ನಾನು ಹಂಗ ಅಂದಿಲ್ಲ ದುರ್ಗಕ್ಕ."

"ಹೂಂ ಅಂದಿಲ್ಲಾ?"

ನೀಲಗಂಗಮ್ಮ ಬಾಯಲ್ಲಿದ್ದ ಕಾಳನ್ನು ಉಗುಳಿದಳು. ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. "ಹೂಂ ಅಂದೀನಿ," ಎಂದಳು ಮೆಲ್ಲಗೆ. "ಅವರು ಹೇಳ್ತಿದ್ರು, ನಾ ಕೇಳ್ತಿದ್ದೆ. ಕೇಳ್ತಾ ಹೂಂ ಅಂದೆ."

ದುರ್ಗಕ್ಕ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಕಟ್ಟೆಯ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು.

"ನಂದೂ ಒಂದು ಹೂಂ ಇತ್ತು ಅಮ್ಮಾರ. ಯಾವ ಊರಿನ ದವಾಖಾನಿ ಅಂತ ಹೇಳಂಗಿಲ್ಲ ಬಿಡ್ರಿ. ಎರಡನೇ ಕೂಸು ಹಡದು ಬಿದ್ದಿದ್ದೆ. ಕಣ್ಣು ತೆರೆಯಾಕ ಆಗ್ತಿರಲಿಲ್ಲ. ಒಬ್ಬಾಕಿ ಬಂದು ಕಿವಿಯಾಗ ಏನೋ ಅಂದ್ಲು. ಹೂಂ ಅಂದೆ. ಎಚ್ಚರಾದಾಗ ಆಪರೇಷನ್ ಮಾಡಿ ಮುಗಿಸಿದ್ರು. ಆಮ್ಯಾಲ ಎರಡೂ ಕೂಸು ಒಂದೇ ಮಳಿಗಾಲದಾಗ ಹೋದ್ವು. ಇನ್ನೊಂದು ಹಡೀಬೇಕು ಅಂದ್ರ ಹೊಟ್ಟಿ ಇಲ್ಲ. ಕೇಳಾಕ ಹೋದ್ರ, 'ನೀನೇ ಹೂಂ ಅಂದಿಯಲ್ಲವ್ವ' ಅಂದ್ರು."

ಗಾಳಿ ಬೀಸಿ ಭತ್ತದ ಹೊಟ್ಟು ಇಬ್ಬರ ಮೇಲೂ ಬಿತ್ತು.

"ನೆರಳು ದವಾಖಾನ್ಯಾಗ ಹಂಗಲ್ಲ. ಗಂಗೋತ್ರಿ ಸಿಸ್ಟರು ಮೊದ್ಲು ಹೇಳ್ತಾಳ. ಆಮ್ಯಾಲ, 'ಈಗ ನಾ ಹೇಳಿದ್ದನ್ನ ನೀ ನಂಗ ಹೇಳು' ಅಂತಾಳ. ನಾವು ತಿರುಗಿ ಹೇಳಬೇಕು. ಹೇಳಾಕ ಬರದಿದ್ರ ಮುಟ್ಟಂಗಿಲ್ಲ. ಮನಿಗೆ ಹೋಗಿ ವಿಚಾರ ಮಾಡ್ಕಂಡು ಬಾ ಅಂತಾಳ. ಅಂಥಾದ್ದು ಎಲ್ಲೈತಿ ಹೇಳ್ರಿ?" ದುರ್ಗಕ್ಕ ಎದ್ದಳು. "ನೀವು ಕೇಳ್ತಾ ಹೂಂ ಅಂದ್ರಿ. ಆತು. ನಮಗ ಮುಚ್ಚಿತು."

ಹೋಗುವಾಗ ತಿರುಗಿ ನೋಡಲಿಲ್ಲ.

ಈ ನೆರಳು ದವಾಖಾನೆಯ ಹಿನ್ನೆಲೆ ಹೀಗಿತ್ತು. ಹೆಣ್ಣುಮಕ್ಕಳ ಬಸಿರು ಬಾಣಂತನ, ಮಗು ಬೇಡವಾದಾಗ ತಡೆ, ಇವನ್ನು ಅವರ ಇಚ್ಛೆಯಂತೆ ನಡೆಸಿಕೊಡಬೇಕು ಎಂದು ಹಲವು ದೇಶಗಳಲ್ಲಿ ಆಸ್ಪತ್ರೆ ತೆರೆದ ಒಂದು ದೊಡ್ಡ ಸಂಸ್ಥೆ ಸಮುದ್ರದಾಚೆಗಿತ್ತು. ಅದರ ಹೊಸಪೇಟೆ ಶಾಖೆಗೆ ತಾಯ್ನೆರಳು ಎಂದು ಹೆಸರಿಟ್ಟವನು ಮರುಳಸಿದ್ದಪ್ಪ. ಅವನ ತಂಗಿ ಹೆರಿಗೆಯಲ್ಲಿ ಹೋಗಿದ್ದಳು. ಆ ಸಂಕಟದಲ್ಲಿ ಅವನು ಸೈಕಲ್ ತುಳಿದು ಸಂಡೂರಿನ ತನಕ ತಿರುಗಿ, ಊರ ಹಿರಿಯರ ಕಾಲು ಹಿಡಿದು ಜಾಗ ಪಡೆದು, ಅಲ್ಲಿಯ ಜನ ನೆರಳು ಎಂದು ಕರೆಯುವ ಆ ದವಾಖಾನೆ ಕಟ್ಟಿಸಿದ್ದು ಸುಳ್ಳಲ್ಲ. ಆದರೆ ಅಂದು ಕುಳಿತ ಅಧ್ಯಕ್ಷರ ಕುರ್ಚಿಯಿಂದ ಅವನು ಏಳಲಿಲ್ಲ. ಸೈಕಲ್ ಹೋಗಿ ಕಾರು ಬಂತು, ಕಾರಿನ ಹಿಂದೆ ಲಾರಿಗಳು ಬಂದವು, ಲಾರಿಗಳ ಹಿಂದೆ ಗುಡ್ಡವೇ ಇಳಿದು ಬರತೊಡಗಿತು. ಕುರ್ಚಿ ಮಾತ್ರ ಅದೇ.

ಆಮೇಲೆ ಬೇರೆ ಯಾವುದೋ ದೇಶದ ಶಾಖೆಯಲ್ಲಿ ಅಧ್ಯಕ್ಷನೊಬ್ಬ ಆಸ್ಪತ್ರೆಯನ್ನು ಮನೆಯ ಆಸ್ತಿಯಂತೆ ಆಳಿದನೆಂದು ಗದ್ದಲವಾಗಿ, ಮೇಲಿನವರು ಹೊಸ ನಿಯಮ ತಂದರು. ಪ್ರತಿ ಶಾಖೆಯ ಕಮಿಟಿಯಲ್ಲಿ ಅರ್ಧ ಹೆಂಗಸರಿರಬೇಕು, ಯಾರೂ ಬಹುಕಾಲ ಕುರ್ಚಿ ಹಿಡಿಯಬಾರದು, ಸ್ವಂತ ಲಾಭವಿರುವವರು ಆ ತೀರ್ಮಾನದಲ್ಲಿ ಬಾಯಿ ಹಾಕಬಾರದು. ಮರುಳಸಿದ್ದಪ್ಪ ನಕ್ಕು, ತನ್ನವರಲ್ಲೇ ಹೆಂಗಸರನ್ನು ಹುಡುಕಿದ. ಚಿಕ್ಕಪ್ಪನ ಮಗನ ಹೆಂಡತಿ ನೀಲಗಂಗಮ್ಮ ಸಿಕ್ಕಳು. ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ಯಮನಮ್ಮ ಸಿಕ್ಕಳು, ಅವಳ ಗಂಡ ಕಾಲುವೆಯ ಆಫೀಸಿನಲ್ಲಿದ್ದ. ಮರುಳಸಿದ್ದಪ್ಪನ ಮನೆಗೆ ತರಕಾರಿ ಕೊಡುತ್ತಿದ್ದ ಕಡ್ಡಿರಾಂಪುರದ ಹೊಳೆಮ್ಮ ಸಿಕ್ಕಳು. ಮೂವರೂ ಮಾತು ಕಡಿಮೆಯ ಹೆಂಗಸರೆಂದು ಅವನ ಎಣಿಕೆ.

ಭಾವನ ಮುಂದೆ ತಲೆತುಂಬ ಸೆರಗು ಹೊದ್ದು ಕೂರುವುದು ನೀಲಗಂಗಮ್ಮನ ಮನೆತನದ ರೀತಿ. ಭಾವ ಮಾತಾಡುವಾಗ ಅಡ್ಡ ಬರಬಾರದು, ಸುಮ್ಮನೆಯೂ ಇರಬಾರದು. ಸುಮ್ಮನಿದ್ದರೆ ಅಸಡ್ಡೆ ಎಂದಾಗುತ್ತದೆ. ಆದ್ದರಿಂದ ಮಾತು ನಿಂತಲ್ಲೆಲ್ಲ ಸೆರಗಿನೊಳಗಿಂದ ಒಂದು ಹೂಂ ಬರಬೇಕು. ಆ ಹೂಂ ಎಲ್ಲಿಯದು? ಕಥೆಯದು. ಅವಳ ಅತ್ತೆ ಬೇಸಿಗೆಯ ಸಂಜೆ ಪಡಸಾಲೆಯಲ್ಲಿ ಶಿವಶರಣರ ಕಥೆ ಹೇಳುವಾಗ ಸೊಸೆಯರು ಸಾಲಿಗೆ ಕುಳಿತು ಹೂಂಗುಟ್ಟುತ್ತಿದ್ದರು. ರಾಜ ಕಾಡಿಗೆ ಹೋದ ಅಂದರೆ ಹೂಂ. ರಾಕ್ಷಸ ಅವನ ಹೆಂಡತಿಯನ್ನು ಹೊತ್ತೊಯ್ದ ಅಂದರೂ ಹೂಂ. ರಾಕ್ಷಸನ ಕೆಲಸ ಸರಿ ಎಂದು ಅದರರ್ಥವೇ? ನಾವು ಎಚ್ಚರವಾಗಿದ್ದೇವೆ, ಮುಂದೆ ಹೇಳು ಎಂದಷ್ಟೇ ಅರ್ಥ. ಹೂಂ ನಿಂತರೆ ಅತ್ತೆ ಕಥೆ ನಿಲ್ಲಿಸಿ ಎದ್ದುಬಿಡುತ್ತಿದ್ದಳು.

ಅಂಥದೇ ಹೂಂ ಹೊಸಪೇಟೆಯ ಕಮಿಟಿ ಕೋಣೆಯಲ್ಲಿ ಅವಳ ಬಾಯಿಂದ ಬಂದಿತ್ತು. ಮಂಡಕ್ಕಿ ಮಿರ್ಚಿ ತಿನ್ನುತ್ತ ಚಹಾ ಕುಡಿಯುತ್ತಿರುವಾಗ ಭಾವ, ಗುಡ್ಡದ ಧೂಳು ಬಾಣಂತಿಯರಿಗೆ ಒಳ್ಳೆಯದಲ್ಲ ಎಂದ. ಹೂಂ. ಹೊಸಪೇಟೆಯಲ್ಲಿ ದೊಡ್ಡ ಕಟ್ಟಡ, ಎಸಿ ಕೋಣೆ ಎಂದ. ಹೂಂ. ಸಂಡೂರಿನದು ಮುಚ್ಚಿದರಾಯಿತು ಎಂದ. ಆಗಲೂ ಹೂಂ ಬಂದಿರಬೇಕು. ಬಾಯಿಗೆ ಲಯ ಸಿಕ್ಕಿತ್ತು.

ದುರ್ಗಕ್ಕ ಬಂದುಹೋದ ಮರುದಿನ ಬೆಳಿಗ್ಗೆ ನೀಲಗಂಗಮ್ಮ ಮಿಂದು ವಿಭೂತಿ ಧರಿಸಿ, ಕೊರಳ ಲಿಂಗವನ್ನು ಎಡಗೈಯಲ್ಲಿ ಹಿಡಿದು ಕುಳಿತಳು. ದಿನವೂ ನಿಲ್ಲುತ್ತಿದ್ದ ಮನಸ್ಸು ಅಂದು ನಿಲ್ಲಲಿಲ್ಲ. ಅಂಗೈಯಲ್ಲಿದ್ದವನ ಜೊತೆ ಅವಳು ಎಂದೂ ಹೂಂ ಎಂದು ಮುಗಿಸಿದವಳಲ್ಲ. ಗಂಡನನ್ನು ಕರೆದುಕೊಂಡಾಗ ಯಾಕೆ ಎಂದು ಕೇಳಿದ್ದಳು, ವಾರಗಟ್ಟಲೆ ಮುನಿದಿದ್ದಳು, ಮತ್ತೆ ತಾನೇ ಮಾತಾಡಿಸಿದ್ದಳು. ಶಿವನ ಮುಂದೆ ಬಿಚ್ಚುವ ಬಾಯಿ ಭಾವನ ಮುಂದೆ ಯಾಕೆ ಕಟ್ಟುತ್ತದೆ ಎಂದು ಅವಳಿಗೆ ಆ ಹೊತ್ತು ನಾಚಿಕೆಯಾಯಿತು. ಪೂಜೆ ಮುಗಿಸಿ, ಹೊಸಪೇಟೆ ಬಸ್ಸು ಹತ್ತಿದಳು.

ಮರುಳಸಿದ್ದಪ್ಪ ಪಡಸಾಲೆಯ ತೂಗುಮಂಚದಲ್ಲಿ ಕುಳಿತು ಮೊಬೈಲಿನಲ್ಲಿ ಯಾರಿಗೋ ಲಾರಿ ನಂಬರು ಹೇಳುತ್ತಿದ್ದ. ಅವಳನ್ನು ಕಂಡು ಫೋನಿಟ್ಟ. "ಏನ್ ನೀಲವ್ವ, ಹೇಳದ ಕೇಳದ ಬಂದಿ? ಪೂಜಿತಾನ ಸೀರಿ ಜವಳಿ ಏನರ ಮಾತಾಡಾಕ ಬಂದಿಯೇನು?"

ಪೂಜಿತಾ ನೀಲಗಂಗಮ್ಮನ ಮಗಳು. ಗಂಡು ಗೊತ್ತುಮಾಡಿದ್ದವನು ಭಾವನೇ.

"ದವಾಖಾನಿ ಮಾತಾಡಾಕ ಬಂದೀನಿ ಭಾವ. ಮುಚ್ಚಾಕ ನಾ ಒಪ್ಪಿಲ್ಲ."

ತೂಗುಮಂಚ ನಿಂತಿತು. "ಹೂಂ ಅಂದಿಯಲ್ಲ?"

"ನೀವು ಹೇಳೋದು ಕೇಳ್ತಾ ಅಂದಿದ್ದು."

"ಏ ನಮ್ಮವ್ವಾ! ಹೂಂ ಅಂದ್ರ ಹೂಂ. ಇನ್ನೇನು ಅದಕ್ಕೂ ಪಂಚಾಂಗ ನೋಡಿ ಅರ್ಥ ಹೇಳ್ಬೇಕೇನು?" ಅವನು ನಕ್ಕು, ಒಳಗಿದ್ದ ಅಳಿಯನನ್ನು ಕರೆದ. "ಲೇ ವೀರೇಶ್, ಬಾರಲೇ ಇಲ್ಲಿ. ಅವತ್ತು ಅತ್ತಿ ಹೂಂ ಅಂದ್ರೋ ಇಲ್ಲೋ?"

ವೀರೇಶ್ ಕಮಿಟಿಯ ಕಾರ್ಯದರ್ಶಿ. ಇಂಗ್ಲಿಷ್ ಕಲಿತವನು, ಮೇಲಿನವರೊಡನೆ ಪತ್ರ ವ್ಯವಹಾರವೆಲ್ಲ ಅವನದೇ. ಬಾಗಿಲಲ್ಲಿ ನಿಂತು, "ಅಂದ್ರು ಮಾವ," ಎಂದ. ಅವಳ ಕಣ್ಣು ತಪ್ಪಿಸಿದ.

"ಆ ಹೆಂಗಸ್ರು ಎಲ್ಲಿಗೆ ಹೋಗ್ಬೇಕು ಭಾವ?"

"ಹೊಸಪ್ಯಾಟಿಗೆ ಬರ್ಲಿ. ಬಸ್ಸಿಲ್ಲೇನು?"

"ಕೂಲಿ ಬಿಟ್ಟು, ಬಸುರಿ ಹೊಟ್ಟಿ ಹೊತ್ಕಂಡು, ಆ ಲಾರಿ ನಡುವಾ ಬರ್ಬೇಕಾ? ಆ ಜಾಗದಾಗ ಕಾಟಾ ಬಂದ್ರ ನಿಮ್ಮ ಲಾರಿನೇ ಅಲ್ಲೇನು ಮೊದ್ಲು ತೂಗೋದು?"

ಮರುಳಸಿದ್ದಪ್ಪನ ಮುಖದ ನಗೆ ಹೋಯಿತು. ಸಿಟ್ಟಿಗಿಂತ ಹೆಚ್ಚಾಗಿ ನೋವು ಕಂಡಿತು. "ಆ ದವಾಖಾನಿ ಒಂದೊಂದು ಕಲ್ಲು ನಾ ಇಟ್ಟಿದ್ದು ನೀಲವ್ವ. ನನ್ನ ತಂಗಿ ಹೆಸರಿನಾಗ ಇಟ್ಟಿದ್ದು. ಅದನ್ನ ತೆಗ್ಯಾಕ, ಇಡಾಕ ನನಗ ಯಾರೂ ಹೇಳಿಕೊಡಬ್ಯಾಡ್ರಿ. ಸೋಮವಾರ ದಿಲ್ಲಿಯಿಂದ ಒಬ್ಬಾಕಿ ಬರ್ತಾಳ, ಹೊಸ ನಿಯಮ ಪಾಲಿಸ್ತೀವೋ ಇಲ್ಲೋ ನೋಡಾಕ. ಬಂದು ಸುಮ್ನ ಕುಂದ್ರು. ಇಲ್ಲಾಂದ್ರ ಪೂಜಿತಾನ ಸಂಬಂಧ ತಂದಾವ ನಾನೇ, ಮುರಿದು ಹಾಕಾವನೂ ನಾನೇ."

ಕಂಪ್ಲಿಗೆ ಬಂದವಳು ಒಲೆಯ ಮುಂದೆ ಕುಳಿತು ಮಗಳಿಗೆ ಎಲ್ಲವನ್ನೂ ಹೇಳಿದಳು. ಪೂಜಿತಾ ರೊಟ್ಟಿ ತಟ್ಟುತ್ತ ಕೇಳಿದಳು. ಭಾವನ ಕೊನೆಯ ಮಾತಿಗೆ ಬಂದಾಗ ನೀಲಗಂಗಮ್ಮ ಒಲೆಗೆ ಕಟ್ಟಿಗೆ ನೂಕಿದಳು. "ನಿನ್ನ ಲಗ್ನ ನನ್ನ ಹಟಕ್ಕ ಮುರೀತದ ಅಂದ್ರ ನಾ ಏನು ಮಾಡ್ಲಿ? ನೀ ಒಪ್ಪಿ ಹೂಂ ಅಂದಿರೋ ಸಂಬಂಧ."

ತಟ್ಟುವ ಸದ್ದು ನಿಂತಿತು.

"ಒಪ್ಪಿ ಅಂತ ಯಾರಂದ್ರವ್ವ?"

"ಅವತ್ತು ಹುಡುಗನ ಮನಿ ವಿಚಾರ ಎಲ್ಲಾ ಹೇಳಿದೆನಲ್ಲ. ಹೂಂ, ಹೂಂ ಅಂದಿ."

"ನೀ ಹೇಳ್ತಿದ್ದಿ. ನಾ ಕೇಳ್ತಿದ್ದೆ."

ಹೆಂಚಿನ ಮೇಲಿನ ರೊಟ್ಟಿ ಕರಿಯತೊಡಗಿದರೂ ಇಬ್ಬರಿಗೂ ಅರಿವಾಗಲಿಲ್ಲ. ಹೊಗೆ ಕಣ್ಣಿಗೆ ಬಂದಾಗ ಮಗಳು ಅದನ್ನು ತೆಗೆದು ಬದಿಗಿಟ್ಟಳು. ನೀಲಗಂಗಮ್ಮ ಉರಿ ತಗ್ಗಿಸಿದಳು. ತಾನು ಭಾವನನ್ನು ಬೈದು ಬಂದ ತಪ್ಪನ್ನೇ ತನ್ನ ಒಲೆಯ ಮುಂದೆ ಮಾಡಿದ್ದಳು, ಅದೂ ಪ್ರೀತಿಯಿಂದ.

"ಹಂಗಾದ್ರ ಈಗ ಕೇಳ್ತೀನಿ. ನಿನಗ ಬೇಕೋ ಬ್ಯಾಡೋ?"

"ಗೊತ್ತಿಲ್ಲವ್ವ. ಹುಡುಗ ಕೆಟ್ಟಾವ ಅಲ್ಲ. ಆದ್ರ ಕೇಳಿದ್ದೇ ಇವತ್ತು ನೀನು. ವಿಚಾರ ಮಾಡಾಕ ಬಿಡು." ಪೂಜಿತಾ ಇನ್ನೊಂದು ಹಿಟ್ಟಿನ ಉಂಡೆ ಕೈಗೆತ್ತಿಕೊಂಡಳು. "ದೊಡ್ಡಪ್ಪ ಮುರಿದು ಹಾಕ್ತೀನಿ ಅಂದ್ರ ಮುರೀಲಿ ಬಿಡು. ಮಾತಿಗೆ ಮುರಿಯೋ ಸಂಬಂಧ ಇಟ್ಕಂಡು ನಾ ಏನು ಮಾಡ್ಲಿ? ನೀ ಸೋಮವಾರ ಹೋಗು."

ಸೋಮವಾರಕ್ಕೆ ಮೊದಲು ನೀಲಗಂಗಮ್ಮ ಉಳಿದ ಇಬ್ಬರನ್ನೂ ಕಂಡುಬಂದಳು. ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ಯಮನಮ್ಮ ಗಾಬರಿಯಾಗಿ ಎದೆ ಮುಟ್ಟಿಕೊಂಡಳು. "ಅಯ್ಯ ಶಿವನೇ! ಇನ್ನೊಂದು ಮಿರ್ಚಿ ಹಾಕ್ಲೇನ್ರಿ ಅಂತ ಕೇಳಿದ್ರು ಅಂತ ನಾ ತಿಳ್ಕಂಡಿದ್ದೆ. ಅದಕ್ಕ ಹೂಂ ಅಂದಿದ್ದು!" ಇಬ್ಬರಿಗೂ ನಗು ಬಂತು, ನಗುತ್ತಲೇ ಕಣ್ಣಲ್ಲಿ ನೀರೂ ಬಂತು. ಹೊಳೆಮ್ಮ ಬದನೆಕಾಯಿ ಬುಟ್ಟಿ ಕೆಳಗಿಟ್ಟು, "ಸೋಮವಾರ ಹೂಂ ಅನ್ನದ ಬಾಯಿ ಮುಚ್ಕಂಡು ಕುಂದ್ರೋದು, ಅಷ್ಟೇ ಹೌದಲ್ರಿ? ಅದು ನಮಗ ಬರ್ತೈತಿ ಬಿಡ್ರಿ. ಅದಕ್ಕೇ ಅಲ್ಲೇನು ನಮ್ಮನ್ನ ಕರದಿದ್ದು," ಎಂದಳು.

ದಿಲ್ಲಿಯಿಂದ ಬಂದವಳು ನಲವತ್ತರ ಆಸುಪಾಸಿನ ಹೆಂಗಸು, ಖಾದಿ ಸೀರೆ, ಕತ್ತರಿಸಿದ ಕೂದಲು. ಹಿಂದಿ, ಇಂಗ್ಲಿಷ್ ಬಿಟ್ಟು ಬೇರೆ ಬಾರದು. ಸಂಡೂರಿನಿಂದ ಗಂಗೋತ್ರಿ ಸಿಸ್ಟರನ್ನೂ ಅವಳೇ ಹೇಳಿ ಕರೆಸಿದ್ದಳು. ಮರುಳಸಿದ್ದಪ್ಪ ಹೂವಿನ ಹಾರ ಹಾಕಿಸಿ, ಹಂಪಿಯ ಕಲ್ಲಿನ ರಥದ ಪುಟ್ಟ ಗೊಂಬೆ ಕೊಟ್ಟು, ಶಾಖೆಯ ಕಥೆಯನ್ನು ಶುರುವಿನಿಂದ ಹೇಳತೊಡಗಿದ. ವೀರೇಶ್ ಪಕ್ಕದಲ್ಲಿ ಕುಳಿತು ಇಂಗ್ಲಿಷಿಗೆ ತಿರುಗಿಸುತ್ತಿದ್ದ.

"ನನ್ನ ತಂಗಿ ಸತ್ತ ವರ್ಷ ನಾ ಸೈಕಲ್ ಹತ್ತಿದೆ," ಎಂದು ಮರುಳಸಿದ್ದಪ್ಪ ನಿಲ್ಲಿಸಿದ. ಅವನ ಮಾತಿನಲ್ಲಿ ಅಲ್ಲೊಂದು ನಿಲುಗಡೆ ಯಾವಾಗಲೂ ಇರುತ್ತಿತ್ತು. ಇವತ್ತು ಆ ನಿಲುಗಡೆಯಲ್ಲಿ ಏನೂ ಬರಲಿಲ್ಲ. ಫ್ಯಾನು ತಿರುಗಿತು.

ಅವನು ಕೆಮ್ಮಿದ. "ಊರೂರು ತಿರುಗಿದೆ," ಎಂದ. ಮೂವರು ಹೆಂಗಸರ ಸೆರಗುಗಳ ಕಡೆ ನೋಡಿದ. ಸೆರಗುಗಳು ಅಲುಗಲಿಲ್ಲ. ಮರುಳಸಿದ್ದಪ್ಪನಿಗೆ ಮಾತು ಬರುತ್ತಿತ್ತು, ಆದರೆ ಹೂಂ ಇಲ್ಲದೆ ಮಾತಾಡಿ ಗೊತ್ತಿರಲಿಲ್ಲ. ಇಳಿಜಾರಿನಲ್ಲಿ ಮೆಟ್ಟಿಲಿದೆ ಎಂದು ಕಾಲಿಟ್ಟವನಂತೆ ಅವನು ತಡವರಿಸಿದ. ಸೈಕಲ್ಲಿನ ಮಾತು ಮತ್ತೊಮ್ಮೆ ಹೇಳಿದ. ಹೊಸ ಕಟ್ಟಡಕ್ಕೆ ಹಾರಿದ, ಹಿಂದಕ್ಕೆ ಬಂದ. ಮಾವನ ಪಾಡು ನೋಡಲಾಗದೆ ವೀರೇಶ್ ತಾನೇ "ಹೂಂ" ಎಂದ.

"ನೀ ಯಾಕಲೇ ಹೂಂ ಅಂತಿ? ನಿನ್ನ ಕೇಳಿದ್ನಾ?"

ಹೊಳೆಮ್ಮನ ಸೆರಗಿನೊಳಗಿಂದ ಕಿಸಕ್ಕನೆ ನಗು ಬಂತು.

ದಿಲ್ಲಿಯವಳು ಏನೋ ಕೇಳಿದಳು. ವೀರೇಶ್ ತಿರುಗಿಸಿದ. "ಸಂಡೂರಿನ ಕೇಂದ್ರ ಮುಚ್ಚಾಕ ಕಮಿಟಿ ಒಪ್ಪೈತೇನು ಅಂತ ಕೇಳ್ತಾರ."

"ಒಪ್ಪೈತಿ," ಎಂದ ಮರುಳಸಿದ್ದಪ್ಪ, ಗಟ್ಟಿ ನೆಲ ಸಿಕ್ಕವನಂತೆ. "ಎಲ್ಲಾರೂ ಹೂಂ ಅಂದಾರ."

ನೀಲಗಂಗಮ್ಮ ಎದ್ದು ನಿಂತಳು. ಸೆರಗು ತಲೆಯ ಮೇಲೇ ಇತ್ತು. ಅದನ್ನು ತೆಗೆಯಬೇಕೆಂದು ಅವಳಿಗೆ ಅನ್ನಿಸಲೂ ಇಲ್ಲ. ಅದು ಅವಳದು, ಭಾವನದಲ್ಲ.

"ನಾ ಒಪ್ಪಿಲ್ಲ. ನೀವು ಹೇಳಿದ್ದು ಕೇಳೀನಿ ಅಂತ ಹೂಂ ಅಂದೆ. ಕೇಳೋದು ಬ್ಯಾರೆ, ಒಪ್ಪೋದು ಬ್ಯಾರೆ. ಇನ್ನ ಮ್ಯಾಲ ನನ್ನ ಬಾಯಿಂದ 'ಒಪ್ಪೀನಿ' ಅಂತ ಬರೋತನಕ ನಾ ಒಪ್ಪಿಲ್ಲ ಅಂತನೇ ತಿಳ್ಕರ್ರಿ."

ದಿಲ್ಲಿಯವಳು ವೀರೇಶನ ಕಡೆ ನೋಡಿದಳು. ವೀರೇಶ್ ಬೆವರುತ್ತ ಇಂಗ್ಲಿಷಿನಲ್ಲಿ ಏನೋ ಹೇಳಿದ. ಅವಳು ಮುಗುಳ್ನಕ್ಕು ನೀಲಗಂಗಮ್ಮನಿಗೆ ಕೈ ಮುಗಿದಳು.

"ಏನಂದ್ಯೋ?" ಎಂದು ಗಂಗೋತ್ರಿ ಮೂಲೆಯಿಂದ ಕೂಗಿದಳು. "ತಾವು ಬಂದಿದ್ದಕ್ಕ ಸಂತೋಷ ಅಂತ ಅಂದಿ ಹೌದಲ್ಲೋ? ನಾಚಿಕಿ ಇಲ್ಲೇನೋ ನಿನಗ?" ನರ್ಸಿಂಗ್ ಓದಿದವಳಿಗೆ ಅಷ್ಟು ಇಂಗ್ಲಿಷ್ ತಿಳಿಯುತ್ತಿತ್ತು; ಗಣಿಯ ಕ್ಯಾಂಪಿಗೆ ಬಿಹಾರದಿಂದ, ಜಾರ್ಖಂಡಿನಿಂದ ಬಂದ ಹೆಂಗಸರ ಹೆರಿಗೆ ಮಾಡಿ ಮಾಡಿ ಅವಳಿಗೆ ಹಿಂದಿ ಬಂದಿತ್ತು. ದಿಲ್ಲಿಯವಳ ಎದುರಿಗೆ ಬಂದು ನಿಂತು, ನೀಲಗಂಗಮ್ಮನ ಮಾತನ್ನು ಒಂದೂ ಬಿಡದೆ ಒಪ್ಪಿಸಿದಳು. ದಿಲ್ಲಿಯವಳ ಮುಗುಳ್ನಗೆ ಮಾಯವಾಯಿತು. ಅವಳು ಹೇಳಿದ್ದನ್ನು ಗಂಗೋತ್ರಿಯೇ ಕನ್ನಡಕ್ಕೆ ತಂದಳು.

"ಇದು ದೊಡ್ಡ ತಪ್ಪು, ಮ್ಯಾಲಿನವರಿಗೆ ತಿಳಿಸ್ತೀನಿ, ಅವರು ವಿಚಾರ ಮಾಡಿ ನಿಮಗ ಹೇಳ್ತಾರ ಅಂತಾರ."

"ಮ್ಯಾಲಿನವರು ಯಾಕ ವಿಚಾರ ಮಾಡ್ತಾರ?" ಎಂದಳು ನೀಲಗಂಗಮ್ಮ. ದನಿ ಏರಿರಲಿಲ್ಲ. ಮಿಲ್ಲಿನ ಯಂತ್ರದ ಸದ್ದಿನ ನಡುವೆ ಮಾತಾಡಿ ಪಳಗಿದ, ತಗ್ಗಿದರೂ ಕೇಳಿಸುವ ದನಿ ಅದು. "ನೀವೂ ನಮ್ಮನ್ನ ಕೇಳ್ಲಿಲ್ಲ ಅಕ್ಕಾರ. ಅರ್ಧ ಹೆಂಗಸ್ರು ಇರ್ಬೇಕು ಅಂದ್ರಿ. ಇವರು ಚೀಲ ತುಂಬಿದಂಗ ತುಂಬಿದ್ರು. ಚೀಲ ತುಂಬೈತೋ ಇಲ್ಲೋ ನೋಡಿದ್ರಿ ಹೊರತು ಒಳಗ ಅಕ್ಕಿ ಐತೋ ಹೊಟ್ಟು ಐತೋ ಕೈ ಹಾಕಿ ನೋಡ್ಲಿಲ್ಲ. ಆ ದವಾಖಾನಿಗೆ ಹೋಗೋ ಹೆಂಗಸು ಒಬ್ಬಾಕಿ ಇಲ್ಲಿ ಐದಾಳೇನು? ನಾ ಕಂಪ್ಲ್ಯಾಗ ಇರಾಕಿ. ಈಕಿ ಡ್ಯಾಮಿನಾಕಿ. ಇವಳು ಕಡ್ಡಿರಾಂಪುರದಾಕಿ. ನಮ್ಮ ನಿಯಮ ಇವತ್ತೇ ಇಲ್ಲೇ ಆಗ್ಲಿ. ಒಬ್ಬೊಬ್ಬರ ಹೆಸರು ಹಿಡಿದು ಕೇಳ್ರಿ. ಬಾಯಿಬಿಟ್ಟು ಹೇಳಿದ್ದಷ್ಟೇ ಲೆಕ್ಕ."

ಗಂಗೋತ್ರಿ ಹೇಳಿ ಮುಗಿಸುವ ತನಕ ದಿಲ್ಲಿಯವಳು ತಲೆ ತಗ್ಗಿಸಿ ಕೇಳಿದಳು. ಆಮೇಲೆ ಕೊರಳಿನ ಹಾರ ತೆಗೆದು ಮೇಜಿನ ಮೇಲಿಟ್ಟು, ಒಬ್ಬೊಬ್ಬರ ಹೆಸರು ಹಿಡಿದಳು.

ಯಮನಮ್ಮನ ಸರದಿ ಬಂದಾಗ ಕೋಣೆಯೇ ಅವಳ ಕಡೆ ತಿರುಗಿತು. ಅವಳ ಗಂಡನ ವರ್ಗಾವಣೆ ತಪ್ಪಿಸಿದ್ದವನು ಮರುಳಸಿದ್ದಪ್ಪ. ಅವಳು ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. "ಒಪ್ಪಿಲ್ರಿ," ಎಂದಳು. ತನ್ನ ದನಿಗೆ ತಾನೇ ಬೆಚ್ಚಿ, ಇನ್ನೊಮ್ಮೆ, ಈ ಸಲ ಜೋರಾಗಿ, "ಒಪ್ಪಿಲ್ಲ!" ಎಂದಳು. ಹೊಳೆಮ್ಮ ಅವಳ ಬೆನ್ನು ಸವರುತ್ತ ತನ್ನದನ್ನೂ ಹೇಳಿದಳು. ಗಂಡಸರಲ್ಲಿ ಮುದಿ ಡಾಕ್ಟರೊಬ್ಬರು ಕನ್ನಡಕ ಒರೆಸುತ್ತ, "ಅವತ್ತು ನಾನೂ ಬರೇ ಹೂಂ ಅಂದಿದ್ದೆ ಮರುಳಸಿದ್ದಪ್ಪ. ನಿದ್ದಿ ಹತ್ತಿತ್ತು," ಎಂದರು.

"ಅಧ್ಯಕ್ಷ ನಾನು," ಎಂದ ಮರುಳಸಿದ್ದಪ್ಪ. "ಕೊನೀ ಮಾತು ನಂದು."

ಲಾರಿ ಇರುವವರಿಗೆ ಕಾಟಾದ ಮಾತಿನಲ್ಲಿ ಮತವಿಲ್ಲ, ಅಧ್ಯಕ್ಷರ ಅವಧಿಯೂ ಹೊಸ ನಿಯಮದಂತೆ ಮುಗಿದಿದೆ, ಹೊಸಬರನ್ನು ಆರಿಸಬೇಕು ಎಂದು ದಿಲ್ಲಿಯವಳು ಹೇಳಿದಳು. ನೀಲಗಂಗಮ್ಮ, ಆ ಸಭೆ ಇಲ್ಲಿ ಬೇಡ, ಸಂಡೂರಿನ ದವಾಖಾನೆಯ ಅಂಗಳದಲ್ಲೇ ಆಗಲಿ, ಅಲ್ಲಿಯ ಹೆಂಗಸರು ಸದಸ್ಯರಾಗಿ ಕೂರಲಿ ಎಂದಳು. ಮರುಳಸಿದ್ದಪ್ಪನ ಹೊರತು ಎಲ್ಲರೂ ಬಾಯಿಬಿಟ್ಟು ಒಪ್ಪಿದರು.

ಮೆಟ್ಟಿಲ ಬಳಿ ಮರುಳಸಿದ್ದಪ್ಪ ಅವಳನ್ನು ನಿಲ್ಲಿಸಿದ. "ಪೂಜಿತಾನ ಸಂಬಂಧ ಮರತುಬಿಡು. ನಮ್ಮ ಮನಿ ಹೊಸ್ತಿಲಾನೂ ಮರತುಬಿಡು."

"ನಿಮ್ಮ ತಂಗಿ ಗುರುತು ನನಗ ಐತಿ ಭಾವ," ಎಂದಳು ಅವಳು. "ಆಕಿ ಇದ್ದಿದ್ರ ಇವತ್ತು ನನ್ನ ಪಕ್ಕದಾಗ ಕುಂದ್ರತಿದ್ಲು. ಆ ಮ್ಯಾಲೆ ನಿಮ್ಮ ಇಷ್ಟ."

ಅವಳು ಇಳಿದು ಹೋದಳು.

ಸಂಡೂರಿನ ಸಭೆಯ ದಿನ ಕಮಿಟಿಯವರು ಟೆಂಪೋದಿಂದ ಇಳಿದಾಗ ದವಾಖಾನೆಯ ಅಂಗಳದ ಸುತ್ತ ಗುಂಡಿ ತೋಡಿ ಕಲ್ಲಿನ ಕಂಬ ನಿಲ್ಲಿಸಿದ್ದರು. ಇನ್ನೂ ಕೆಲವು ಕಂಬ ನೆಲದ ಮೇಲೆ ಬಿದ್ದಿದ್ದವು. ಜಂಬಯ್ಯನೆಂಬ ಗುತ್ತಿಗೆದಾರ ತಂತಿಯ ಸುರುಳಿ ಬಿಚ್ಚಿಸುತ್ತಿದ್ದ.

"ಅಧ್ಯಕ್ಷರು ಹೇಳ್ಯಾರಮ್ಮ, ಕಾಟಾದ ಬೇಲಿ ಜಲ್ದಿ ಆಗ್ಬೇಕು ಅಂತ."

"ಅಧ್ಯಕ್ಷರು ಯಾರು ಅಂತ ಆರಿಸಾಕ ಬಂದೀವಿ ಅಪ್ಪಾ. ನೀನೂ ಕುಂತು ನೋಡು," ಎಂದಳು ನೀಲಗಂಗಮ್ಮ.

ಜರಡಿ ಹಿಡಿಯುವ ಹೆಂಗಸರು ಕೆಲಸ ಬಿಟ್ಟು ಬಂದಿದ್ದರು. ಕೆಲವರ ಸೊಂಟದಲ್ಲಿ ಕೂಸು, ಕೆಲವರ ಕೈಯಲ್ಲಿ ಸುತ್ತಿಗೆ ಇನ್ನೂ ಇತ್ತು. ಗಂಗೋತ್ರಿ ಚಾಪೆ ಹಾಸಿದಳು. ಮರುಳಸಿದ್ದಪ್ಪ ಬರಲಿಲ್ಲ. ವೀರೇಶನನ್ನು ಕಳಿಸಿದ್ದ. ವೀರೇಶ್ ಬಂದು ಚಾಪೆಯ ತುದಿಯಲ್ಲಿ ಕೂತ. ನೀಲಗಂಗಮ್ಮನನ್ನು ಅಧ್ಯಕ್ಷಳಾಗೆಂದು ಯಮನಮ್ಮ ಹೇಳಿದಾಗ ಅವಳು ತಲೆಯಾಡಿಸಿದಳು.

"ದವಾಖಾನಿ ಯಾರದೋ ಕುರ್ಚೀನೂ ಅವರದು. ದುರ್ಗಕ್ಕ, ನೀ ಆಗ್ತೀಯಾ?"

ಲಾರಿಯೊಂದು ಗುಡುಗುತ್ತ ಹಾದುಹೋಯಿತು. ಕೆಂಪು ಧೂಳು ಅಂಗಳದ ತುಂಬ ನಿಂತು, ನಿಧಾನವಾಗಿ ಎಲ್ಲರ ಮೇಲೂ ಒಂದೇ ಸಮನೆ ಇಳಿಯಿತು. ದುರ್ಗಕ್ಕ ಸೆರಗಿನ ಧೂಳು ಕೊಡವಿಕೊಂಡಳು. ಹೆಂಗಸರು ಅವಳ ಮುಖ ನೋಡುತ್ತ ಕುಳಿತರು. ವೀರೇಶ್ ಗಡಿಯಾರ ನೋಡಿದ. ಜಂಬಯ್ಯ ಬೀಡಿ ಹಚ್ಚಿದ.

"ಹೂಂ ಅನ್ನಬೇ," ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

"ಯಾಕ ಅನ್ಲಿ?" ದುರ್ಗಕ್ಕ ತಿರುಗಿದಳು. "ನನ್ನ ಜೀವಮಾನದಾಗ ಒಬ್ಬರಾದ್ರೂ ಹಿಂಗ ಕೇಳಿ ಕಾದು ಕುಂತಿಲ್ಲ. ಇವತ್ತು ಕುಂತೀರಿ, ಕುಂದ್ರಿ. ನಾ ಪುರಾ ವಿಚಾರ ಮಾಡಿನೇ ಹೇಳಾಕಿ." ಆಮೇಲೆ ಅವಳು ಜಂಬಯ್ಯನ ಕಡೆ ಕೈ ಚಾಚಿದಳು. "ಅಲ್ಲಿಮಟ ನೀ ಸುಮ್ನ ಬೀಡಿ ಸೇದಬ್ಯಾಡ. ನಟ್ಟ ಕಂಬ ಕಿತ್ತು ರಸ್ತಿಗೆ ಇಡು."

ಜಂಬಯ್ಯ ವೀರೇಶನನ್ನು ನೋಡಿದ. ವೀರೇಶ್ ತನ್ನ ಕಾಲಬೆರಳನ್ನು ನೋಡಿಕೊಂಡ. ಜಂಬಯ್ಯ ಚಾಪೆಯ ಮೇಲಿನ ಹೆಂಗಸರನ್ನೂ, ಅವರ ಮಡಿಲಲ್ಲಿದ್ದ ಸುತ್ತಿಗೆಗಳನ್ನೂ ಒಮ್ಮೆ ನೋಡಿ ಬೀಡಿ ಎಸೆದ. ಮೊದಲ ಕಂಬವನ್ನು ತಬ್ಬಿ ಅತ್ತಿತ್ತ ಅಲುಗಿಸತೊಡಗಿದ. ಅದು ಇನ್ನೂ ಗಟ್ಟಿಯಾಗಿ ಕೂತಿರಲಿಲ್ಲ.